ಕಬಡ್ಡಿ ರೈಡರ್‌ಗೆ ಯೋಗ ಕ್ಲಾಸೋ, ಮ್ಯಾಟ್ ಮೇಲಿನ ಕೋಚಿಂಗೋ?

ಒಂದಕ್ಕೆ ಮಾತ್ರ ದುಡ್ಡು ಕಟ್ಟಬಹುದು ಅಂದರೆ ನಾನು ಕಬಡ್ಡಿ ಕೋಚಿಂಗ್‌ಗೇ ಕಟ್ಟುತ್ತೇನೆ. ಹಾಸನದಲ್ಲಿ ಎರಡಕ್ಕೂ ಸೇರಿ ನೋಡಿದ ಮೇಲೆ ಹೇಳುತ್ತಿದ್ದೇನೆ. ನಾನು ರೈಡರ್, ಅಂದರೆ ಎದುರಾಳಿ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವನು, ಹಾಗಾಗಿ ಇದು ರೈಡರ್ ಲೆಕ್ಕ.

ಯೋಗ ಕೊಟ್ಟದ್ದು ಉಸಿರು. ಅದೇನು ಸಣ್ಣದಲ್ಲ. ರೈಡ್‌ಗೆ ಸಿಗುವುದು 30 ಸೆಕೆಂಡು. ಒಂದೇ ಉಸಿರಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಇರಬೇಕು. ಪ್ರಾಣಾಯಾಮದಲ್ಲಿ ಉಸಿರನ್ನು ನಿಧಾನಕ್ಕೆ ಬಿಡೋದು ರೂಢಿಯಾದ ಮೇಲೆ ಕೊನೆಗೆ ದನಿ ಒಡೆಯುವುದು ಕಡಿಮೆಯಾಯಿತು. ಸೊಂಟ ಸಡಿಲವಾಗಿ ಟೋ ಟಚ್‌ಗೆ, ಅಂದರೆ ಕಾಲ್ಬೆರಳಲ್ಲಿ ಎದುರಾಳಿಯನ್ನು ಮುಟ್ಟೋಕೆ, ಕಾಲು ಇನ್ನೂ ಮುಂದೆ ಹೋಗುತ್ತದೆ.

ತಲೆನೋವಾದದ್ದು ಕ್ಲಾಸಿನ ಹೊತ್ತು. ಯೋಗ ಬೆಳಗ್ಗೆ 6ಕ್ಕೆ, ಅದು ಮುಗಿದ ಕೂಡಲೇ ಮ್ಯಾಟ್. ಪಶ್ಚಿಮೋತ್ತಾನಾಸನದಲ್ಲಿ ತುಂಬಾ ಹೊತ್ತು ಬಾಗಿ ಕೂತು, ಶವಾಸನ ಮುಗಿಸಿ ಎದ್ದು ಬಂದರೆ ಕಾಲಲ್ಲಿ ಚುರುಕೇ ಇರುತ್ತಿರಲಿಲ್ಲ. ಕಾರ್ನರ್ ಹುಡುಗ, ಅಂದರೆ ಎದುರು ತಂಡದಲ್ಲಿ ಅಂಚಿಗೆ ನಿಂತು ಹಿಡಿಯುವವನು, ಆ್ಯಂಕಲ್‌ಗೆ ಕೈ ಹಾಕುವುದು ಕಾಣುತ್ತಿತ್ತು, ಹಾರಬೇಕು ಅಂತಲೂ ಗೊತ್ತಿತ್ತು. ಕಾಲು ಏಳುವಷ್ಟರಲ್ಲಿ ಅವನು ಹಿಡಿದಾಗಿರುತ್ತಿತ್ತು.

ಇದು ನನ್ನೊಬ್ಬನ ಕಥೆಯಲ್ಲ. ಒಂದೇ ಭಂಗಿಯಲ್ಲಿ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ, ಆಮೇಲೆ ಸ್ವಲ್ಪ ಹೊತ್ತು ಅದರ ಜಿಗಿಯುವ ಶಕ್ತಿ ತಗ್ಗುತ್ತದೆ. ಆಟಕ್ಕೆ ಮುಂಚೆ ಓಡಿ, ಕಾಲು ಬೀಸಿ ಮೈ ಬಿಸಿ ಮಾಡಿಕೊಳ್ಳಿ ಅನ್ನುವುದು ಅದಕ್ಕೇ. ಡಿಸೆಂಬರ್ ಚಳಿಯಲ್ಲಿ ಅಲ್ಲಾಡದೆ ಮಲಗಿದರೆ ಇದ್ದ ಬಿಸಿಯೂ ಹೋಗುತ್ತದೆ. ಯೋಗದ ಸಂಜೆ ಬ್ಯಾಚ್ ಕೇಳಿದೆ. ಅದು 7ಕ್ಕೆ. ಸಂತೇಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಅದೇ ವ್ಯಾಪಾರದ ಹೊತ್ತು. ಯೋಗ ಕ್ಲಾಸಿನವರು ಮೂರು ತಿಂಗಳ ಫೀಸು ಮೊದಲೇ ಕಟ್ಟಿಸಿಕೊಂಡಿದ್ದರು, ವಾಪಸ್ ಕೊಡಲ್ಲ ಅಂದರು. ಹೊತ್ತು ಹೊಂದದವರ ದುಡ್ಡು ಇಟ್ಟುಕೊಳ್ಳುವುದು ಸರಿಯಲ್ಲ.

ಇನ್ನು ಧೈರ್ಯ. ತಂಡದ ಎರಡು ರೈಡ್ ಸಾಲಾಗಿ ಪಾಯಿಂಟ್ ಇಲ್ಲದೆ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ. ಪಾಯಿಂಟ್ ತರದಿದ್ದರೆ ರೈಡರ್ ಔಟ್. ನಮ್ಮ ಕೋಚ್ ಸರ್ ಅದನ್ನೇ ದಿನಾ ಮಾಡಿಸುತ್ತಾರೆ. ಎದುರಿಗೆ ಏಳೂ ಜನ, ಒಂದು ಪಾಯಿಂಟ್ ಹಿಂದೆ. ಸರ್ ಗೆರೆ ಪಕ್ಕ ನಿಂತು ಜೋರಾಗಿ ಸೆಕೆಂಡು ಎಣಿಸುತ್ತಾರೆ. ಬೋನಸ್ ಪಾಯಿಂಟ್ ಬೇಕಾದರೆ ಒಂದು ಕಾಲು ಬೋನಸ್ ಗೆರೆ ದಾಟಬೇಕು, ಇನ್ನೊಂದು ನೆಲ ಬಿಟ್ಟಿರಬೇಕು. ಅದೇ ಹೊತ್ತಿಗೆ ಕಾರ್ನರ್‌ನ ಭುಜ ಎತ್ತ ವಾಲಿತು ಅಂತ ನೋಡಬೇಕು. ಯೋಗದಿಂದ ಮನಸ್ಸಿಗೆ ಸಮಾಧಾನ ಬರುತ್ತದೆ, ನಿಜ. ಆದರೆ ಆಗ ಎತ್ತ ನುಗ್ಗಬೇಕು ಅಂತ ಅದು ಹೇಳಿಕೊಡಲ್ಲ, ಅಲ್ವಾ? ಇಂಥ ರೈಡ್ ಮಾಡಿ ಮಾಡಿಯೇ ನನ್ನ ಹೆದರಿಕೆ ಹೋಯಿತು.

ರೈಡರ್‌ನನ್ನು ಹಿಡಿಯುವ ಕ್ಯಾಚರ್‌ಗಳ ಸರಪಳಿಯಂತೂ ಪಕ್ಕದವನ ಕೈ ಹಿಡಿದೇ ಕಲಿಯಬೇಕು.

ಈಗ ಬೆಳಗ್ಗೆ ಕೋಚಿಂಗ್ ಮಾತ್ರ. ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು, ಊಟಕ್ಕೆ ಮುಂಚೆ ಮನೆಯಲ್ಲೇ ಚಾಪೆ ಹಾಸಿ ಕಲಿತಷ್ಟು ಆಸನ, ಪ್ರಾಣಾಯಾಮ ಮಾಡುತ್ತೇನೆ. ಅದಕ್ಕೆ ಖರ್ಚಿಲ್ಲ. ಸಂಜೆ ಬಿಡುವಿರುವ ಕಾಲೇಜು ಹುಡುಗರು ಬೇಕಾದರೆ ಎರಡಕ್ಕೂ ಸೇರಿ. ಮ್ಯಾಟ್ ಮೊದಲು, ಯೋಗ ಆಮೇಲೆ. ಫೀಸು ಮಾತ್ರ ತಿಂಗಳಿಗೊಮ್ಮೆ ಕಟ್ಟಿ.