ಬಿಸಿಲೂರಿನ ರಸ್ತೆಗೆ ವಿಜಿ-30 ಡಾಂಬರೋ, ವಿಜಿ-40 ಡಾಂಬರೋ?

ಅಕ್ಕಲಕೋಟೆ ಕಡೆ ಮೇ ತಿಂಗಳ ಮಧ್ಯಾಹ್ನ ಡಾಂಬರಿಗೆ ಚಪ್ಪಲಿ ಅಂಟುತ್ತದೆ, ಅಲ್ವಾ? ರಸ್ತೆಯ ಮೈ 60 ಡಿಗ್ರಿ ಮುಟ್ಟಿರುತ್ತದೆ. ಆಗ ಲೋಡ್ ಲಾರಿ ನಿಂತರೆ ಗಾಲಿಯ ಜಾಡು ಒಳಗಿಳಿದು, ಪಕ್ಕದ ಡಾಂಬರು ದಿಣ್ಣೆಯಂತೆ ಉಬ್ಬುತ್ತದೆ.

ವಿಜಿ ಅಂದರೆ ವಿಸ್ಕಾಸಿಟಿ ಗ್ರೇಡ್, ಡಾಂಬರು ಹರಿಯದೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎನ್ನುವ ದರ್ಜೆ. ಆ 60 ಡಿಗ್ರಿಯಲ್ಲಿ ವಿಜಿ-30ರ ವಿಸ್ಕಾಸಿಟಿ ಕನಿಷ್ಠ 2400 ಪಾಯ್ಸ್ (ಅದರ ಅಳತೆಯ ಮಾನ) ಇರಬೇಕು, ವಿಜಿ-40ರದ್ದು 3200. ಅಂದರೆ ವಿಜಿ-40 ಅಷ್ಟು ಬೇಗ ಮೆತ್ತಗಾಗುವುದಿಲ್ಲ. ಬೈಕು, ಜೀಪು ಓಡಾಡುವ ಊರೊಳಗಿನ ದಾರಿಗೆ ವಿಜಿ-30 ಸಾಕು. ಆದರೆ ಕಬ್ಬಿನ ಟ್ರ್ಯಾಕ್ಟರು ಸಾಲಾಗಿ ನಿಲ್ಲುವ ಕಡೆ, ಏರಿನಲ್ಲಿ, ವಿಜಿ-40 ಹಾಕಿಸಿ ಎನ್ನುತ್ತೇನೆ. ನಿಧಾನಕ್ಕೆ ಸಾಗುವ ಭಾರವೇ ಜಾಸ್ತಿ ತಗ್ಗು ಮಾಡುತ್ತದೆ.

ಡಾಂಬರು ಜಾಸ್ತಿ ಸುರಿದು, ಬಿಸಿ ಆರಿದ ಮೇಲೆ ರೋಲರ್ ಓಡಿಸಿದರೆ ಎರಡೂ ಉಳಿಯುವುದಿಲ್ಲ. ಖಡಿಯನ್ನೂ ಮುಷ್ಟಿಯಲ್ಲಿ ಹಿಡಿದು ನೋಡಿ. ಅಂಚು ಅಂಗೈಗೆ ಚುಚ್ಚಬೇಕು. ಗುಂಡಗಿನ ಕಲ್ಲು ಜಾರುತ್ತದೆ.