ವಾರಕ್ಕೊಮ್ಮೆ ಮಗುವಿನ ಜೊತೆ: ಪಾರ್ಕಾ, ಹಿಟ್ಟಿನ ಆಟವಾ, ಲೈಬ್ರರಿಯಾ?

ಶಾಲೆ ಶುರುವಾಗುವ ಮುಂಚೆ ಪುಟ್ಟ ಮಗುವಿನ ಜೊತೆ ವಾರಕ್ಕೊಮ್ಮೆ ಏನು ಮಾಡಬಹುದು ಅಂತ ಕೇಳಿದ್ದೀರಿ. ಖರ್ಚು ಈ ಮೂರಕ್ಕೂ ಕಡಿಮೆ, ಅದನ್ನು ಬಿಡಿ. ನೋಡಬೇಕಾದ್ದು ಮಗುವಿನ ಸ್ವಭಾವ ಮತ್ತು ಆ ದಿನ ನಿಮ್ಮಲ್ಲಿ ಉಳಿದಿರುವ ಶಕ್ತಿ.

ಒಂದು ಕಡೆ ನಿಲ್ಲದ ಮಗುವಿಗೆ ಪಾರ್ಕೇ ಸರಿ. ಆದರೆ ಬೇಗ ಬೇಗ ನಡೆಸಬೇಡಿ. ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತನಗಿಂತ ದೊಡ್ಡ ಕಾಳನ್ನು ಎಳೆಯುವ ಒಂದೇ ಇರುವೆಯನ್ನು ಹತ್ತು ನಿಮಿಷ ನೋಡಿದರೂ ಸುತ್ತಾಟ ಸಾರ್ಥಕ.

ಮಳೆ ಬಂದಾಗ, ನೀವು ಸುಸ್ತಾದಾಗ ಹಿಟ್ಟಿನ ಆಟ ವಾಸಿ. 2 ಲೋಟ ಮೈದಾ, 1 ಲೋಟ ಉಪ್ಪು, ಸುಮಾರು 1 ಲೋಟ ನೀರು ಸಾಕು. ನಾದಿ, ಹಿಸುಕಿ, ಉಂಡೆ ಕಟ್ಟುತ್ತಾ ಬೆರಳುಗಳಿಗೆ ಬಲ ಬರುತ್ತದೆ. ಮುಂದೆ ಪೆನ್ಸಿಲ್ ಹಿಡಿಯಲು ಅದೇ ಬೇಕು, ಅಲ್ವಾ? ಆದರೆ ಉಪ್ಪು ಜಾಸ್ತಿ ಇರುವುದರಿಂದ, ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗೆ ಬೇಡವೇ ಬೇಡ. ನೆಲ ಒರೆಸುವ ಕೆಲಸವೂ ಇರುತ್ತದೆ.

ಹೊಸಬರ ನಡುವೆ ಕೂರಲು ಹಿಂಜರಿಯುವ ಮಗುವಿಗೆ ನಾನು ಲೈಬ್ರರಿಯನ್ನೇ ಹೇಳುತ್ತೇನೆ. ಅಲ್ಲಿ ಸುಮ್ನೆ ನಿಮ್ಮ ಮಡಿಲಲ್ಲಿ ಕೂತಿದ್ದರೂ ಸಾಕು. ಪ್ರತಿ ವಾರ ಅದೇ ಪುಸ್ತಕ ಬೇಕು ಅಂದರೆ ಅದನ್ನೇ ಓದಿ. ಮತ್ತೆ ಮತ್ತೆ ಕೇಳಿದ ಮಾತೇ ಮಗುವಿನ ನಾಲಿಗೆಗೆ ಬರುವುದು.