ಹಾಸನದ ನಾಜಲ್ ಅಂಗಡಿ: ಕೈಗೆ ಪೂರ್ತಿ ಅಂಕ, ಗಡಿಯಾರಕ್ಕೆ ಇಲ್ಲ

ಸಕಲೇಶಪುರದ ಕಡೆ ನಮಗೆ ಮೂರು ಎಕರೆ ಕಾಫಿ ತೋಟವಿದೆ. ಈ ಮಳೆಗಾಲದಲ್ಲಿ ಅಲ್ಲಿನ ಜನರೇಟರ್ ಕೈಕೊಟ್ಟಿತು. ಹತ್ತು ನಿಮಿಷ ಓಡುವುದು, ಕಪ್ಪು ಹೊಗೆ ಕಾರುವುದು, ಕೆಮ್ಮಿ ನಿಲ್ಲುವುದು. ಊರಿನ ಮೆಕ್ಯಾನಿಕ್ ಎರಡು ಸಲ ಫಿಲ್ಟರ್ ಬದಲಿಸಿ ಕೈಚೆಲ್ಲಿದ ಮೇಲೆ ಪಂಪು, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿಸಿಕೊಂಡು ಹಾಸನದ ಡೀಸೆಲ್ ಪಂಪ್ ರಿಪೇರಿ ಅಂಗಡಿಯೊಂದಕ್ಕೆ ಹೋದೆ.

"ಹಳೆಯ ಡೀಸೆಲ್ ಹಾಕಿದ್ದೀರಾ ಸಾರ್?" ಎಂದೇ ಅಂಗಡಿಯವರು ಮಾತು ಶುರು ಮಾಡಿದರು. ನಾಜಲ್ ತುದಿಯನ್ನು ಉಗುರಿನಿಂದ ಕೆರೆದು ತೋರಿಸಿದರು: ಬೆಲ್ಲದ ಪಾಕ ತಳ ಹಿಡಿದಂತೆ ಕಂದು ಅಂಟು. ಕೈಪಂಪಿಗೆ ಸಿಕ್ಕಿಸಿ ಒತ್ತಿದರೆ ಮಂಜಿನಂತೆ ಚಿಮ್ಮಬೇಕಾದದ್ದು ಸೋರುವ ನಲ್ಲಿಯಂತೆ ತೊಟ್ಟಿಕ್ಕಿತು.

ಹಾಕಿದ್ದೆ. 2019ರಲ್ಲಿ ತುಂಬಿಸಿಟ್ಟ ಡ್ರಮ್, ಅರ್ಧ ಖಾಲಿ, ತಗಡಿನ ಶೆಡ್ಡಿನಲ್ಲಿ. ನಾಚಿಕೆಯ ಸಂಗತಿಯೆಂದರೆ ನಾನು ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು. ಪೈರೋಲ್ ಎಂಬ ಸಾರಜನಕಯುಕ್ತ ರಾಸಾಯನಿಕದ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಬಣ್ಣವಿಲ್ಲದ ದ್ರವ ಕಂದಾಗುತ್ತದೆ ಎಂದು ವರ್ಷ ವರ್ಷವೂ ಹುಡುಗರಿಗೆ ಹೇಳಿದವನು. ಡೀಸೆಲ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವುದೂ ಅದೇ ಪೈರೋಲ್ ಬಳಗ, ಜೊತೆಗೆ ಅದರ ನಂಟಿನ ಇಂಡೋಲ್‌ಗಳು. (ಮಲ್ಲಿಗೆಯ ಘಮದಲ್ಲೂ ಇಂಡೋಲ್ ಇದೆ, ನನ್ನ ಡ್ರಮ್ಮಿನಲ್ಲಿ ಮಾತ್ರ ಘಮವಿರಲಿಲ್ಲ.) ಸಾರಜನಕವಿರುವ ಈ ಉಂಗುರಾಕಾರದ ಅಣುಗಳಲ್ಲಿ ಎಲೆಕ್ಟ್ರಾನ್ ಸಮೃದ್ಧಿ ಹೆಚ್ಚು, ಆದ್ದರಿಂದ ಆಮ್ಲಜನಕಕ್ಕೆ ಸುಲಭದ ತುತ್ತು. ಹೀಗೆ ಆಮ್ಲಜನಕದೊಡನೆ ವರ್ತಿಸಿದ, ಅಂದರೆ ಉತ್ಕರ್ಷಣೆಗೊಂಡ ಅಣುಗಳು ಒಂದಕ್ಕೊಂದು ಬೆಸೆದು ಭಾರವಾಗಿ, ಡೀಸೆಲ್‌ನಲ್ಲಿ ಕರಗಿರಲಾರದೆ ಅಂಟಾಗಿ, ಗಸಿಯಾಗಿ ಇಳಿಯುತ್ತವೆ. ಎಲ್ಲ ಗಸಿಗೂ ಸಾರಜನಕವೊಂದೇ ಕಾರಣವಲ್ಲ, ನೀರೂ ಸೂಕ್ಷ್ಮಜೀವಿಗಳೂ ಇರುತ್ತವೆ. ಆದರೆ ಅರ್ಧ ಖಾಲಿ ಡ್ರಮ್ಮಿನ ಗಾಳಿ, ತಗಡಿನ ಕಾವು ಎರಡನ್ನೂ ಒದಗಿಸಿಕೊಟ್ಟವನು ನಾನೇ.

"ಡ್ರಮ್ಮಿಗೆ ಯಾವ ಪೈಪು?" ಎಂದರು. ತಾಮ್ರದ್ದು ಎಂದೆ. ನಕ್ಕುಬಿಟ್ಟರು. ತಾಮ್ರ ಉತ್ಕರ್ಷಣೆಗೆ ವೇಗವರ್ಧಕ. ಪುಸ್ತಕ ಓದದೆ ಅವರಿಗೆ ಗೊತ್ತಿತ್ತು, ಓದಿಯೂ ನಾನು ಮರೆತಿದ್ದೆ.

ಕೌಂಟರಿನ ಮೇಲಿದ್ದ, ಡೀಸೆಲ್‌ಗೆ ಬೆರೆಸುವ ಅಡಿಟಿವ್ ಬಾಟಲಿ ಕೇಳಿದರೆ ಕೊಡಲಿಲ್ಲ. "ಹೊಸ ಡೀಸೆಲ್‌ಗಾದರೆ ಸರಿ. ಕೆಟ್ಟದ್ದಕ್ಕೆ ಸುರಿದರೆ ನಿಮ್ಮ ದುಡ್ಡು ದಂಡ." ಈ ಒಂದು ಮಾತಿಗೇ ನನ್ನ ಒಂದು ನಕ್ಷತ್ರ ಹೆಚ್ಚು. 2020ರ ಏಪ್ರಿಲ್‌ನಿಂದ ಬರುತ್ತಿರುವ ಭಾರತ್ ಸ್ಟೇಜ್ 6 (ವಾಹನಗಳ ಹೊಗೆ ಮಾಲಿನ್ಯ ತಗ್ಗಿಸುವ ಮಾನದಂಡ) ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ, ಮೊದಲು 50 ಇತ್ತು. ಜಲಜನಕ ಹಾಯಿಸಿ ಗಂಧಕ ತೆಗೆಯುವಾಗ ಅಂಟಿಗೆ ಕಾರಣವಾಗುವ ಸಾರಜನಕದ ಪಾಲೂ ಬಹುಮಟ್ಟಿಗೆ ಹೋಗುತ್ತದೆ. ಹಾಗೆಂದು ವರ್ಷಗಟ್ಟಲೆ ಕೂಡಿಡುವ ಧೈರ್ಯ ನನಗಿನ್ನಿಲ್ಲ.

ದೂರುಗಳೂ ಇವೆ. ಎರಡು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು. ಅಷ್ಟೂ ದಿನ ಮನೆಯಲ್ಲಿ ಲಾಟೀನು. 4,600 ರೂಪಾಯಿಯ ಲೆಕ್ಕ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬಂತು, ಯಾವುದಕ್ಕೆ ಎಷ್ಟು ಎಂಬ ವಿವರವಿಲ್ಲ. ಆದರೂ ತೆಗೆದ ಹಳೆಯ ವಾಷರ್‌ಗಳನ್ನು ಪೊಟ್ಟಣ ಕಟ್ಟಿ ಕೈಗಿತ್ತರು, ಪಂಪು ಜೋಡಿಸಿದ ದಿನ ಜನರೇಟರ್ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.

ಹೋಗುವವರು ಫೋನ್ ಮಾಡಿ ಹೋಗಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ.